ಹದಿನಾಲ್ಕನೆಯವ

ಅವನು ಬಂದ ಮೊದಲ ಆದಿತ್ಯವಾರ ಮಂಗಲಾಳ ಕಣ್ಣಿಗೆ ಬಿದ್ದದ್ದು ಅವನ ಮುಖವಲ್ಲ, ಅವನ ಚಪ್ಪಲಿ. ಕಬ್ಬಿಣದ ಮೆಟ್ಟಿಲು ಮುಗಿಯುವಲ್ಲಿ, ಬಾಗಿಲಿಗೆ ಎದುರಾಗಿ, ನೀಟಾಗಿ ಜೋಡಿಸಿಟ್ಟ ಕಂದು ಬಣ್ಣದ ಚಪ್ಪಲಿ.

ಮರಾಠಿ ಸೀಮೆಯ ವಾಳೂಜಿನ ಕಾರ್ಖಾನೆಗಳ ಬೆನ್ನಿಗಿರುವ ರಾಂಜಣಗಾಂವದಲ್ಲಿ, ಒಂದು ವೆಲ್ಡಿಂಗ್ ಅಂಗಡಿಯ ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಅವರ ಸಭೆ ಕೂಡುತ್ತಿತ್ತು. ಬೋರ್ಡಿಲ್ಲ, ಗೋಡೆಗೆ ಶಿಲುಬೆಯಿಲ್ಲ, ಪಾದ್ರಿಯಿಲ್ಲ. ಯಾವ ಮಿಷನ್ನಿನ ಪಟ್ಟಿಯಲ್ಲೂ ಹೆಸರಿಲ್ಲದ ಹದಿಮೂರು ಮಂದಿ. ಅವರಲ್ಲಿ ಯಾರೂ ಚಪ್ಪಲಿ ಹೊರಗೆ ಬಿಡುತ್ತಿರಲಿಲ್ಲ. ಕೈಚೀಲದಲ್ಲಿ ಸುತ್ತಿಕೊಂಡು ಒಳಗೇ ತರುತ್ತಿದ್ದರು. ಬಾಗಿಲ ಮುಂದೆ ಹದಿಮೂರು ಜೊತೆ ಚಪ್ಪಲಿ ಬಿದ್ದಿದ್ದರೆ ಅವನ್ನು ನೋಡಿ ಲೆಕ್ಕ ಹಾಕುವವರು ಇರುತ್ತಾರೆ ಎಂಬುದನ್ನು ಅವರಿಗೆ ಹಿಂದೆ ಇದ್ದ ಊರು ಸಿನ್ನರ್ ಕಲಿಸಿತ್ತು. ಹಾಡುವಾಗ ಕಿಟಕಿ ಮುಚ್ಚಿ ಫ್ಯಾನು ಜೋರಾಗಿ ತಿರುಗಿಸುತ್ತಿದ್ದರು. ಚಪ್ಪಾಳೆಯ ಬದಲು ತೊಡೆಯ ಮೇಲೆ ಮೆತ್ತಗೆ ತಾಳ ಹಾಕುತ್ತಿದ್ದರು.

ಇಷ್ಟೆಲ್ಲ ಎಚ್ಚರ ವಹಿಸಿದ ಜಾಗಕ್ಕೆ ಆ ಮನುಷ್ಯ ತಾನೇ ಮೆಟ್ಟಿಲು ಹತ್ತಿ ಬಂದಿದ್ದ. ಮೂವತ್ತನಾಲ್ಕು ಮೂವತ್ತೈದರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕ್ಯಾಮೆರಾ ಹೊರಮುಖವಾಗಿದ್ದ ಫೋನು.

"ನಾ ಶಿವಕಾಂತ ರೀ. ಭಾಲ್ಕಿ ಕಡಿಯವ. ಇಲ್ಲೇ ಒಂದು ಕಂಪನಿದಾಗ ಸ್ಟೋರ್ ನೋಡ್ತೀನಿ. ಕೆಳಗ ಹೊಂಟಿದ್ದೆ, ಕನ್ನಡ ಹಾಡು ಕೇಳಸ್ತು. ಕೂಡಬಹುದೇನ್ರಿ?"

ಕೆಳಗೆ ಹೋಗುವವನಿಗೆ ಹಾಡು ಹೇಗೆ ಕೇಳಿಸಿತು? ಮಂಗಲಾ ಮನಸ್ಸಿನಲ್ಲೇ ಕೇಳಿಕೊಂಡಳು. ಆದರೆ ಸಭೆ ನಡೆಸುವ ಚನಬಸಪ್ಪ ಆಗಲೇ ತಾಡಪಾಲಿನ ಮೇಲೆ ಸರಿದು ಜಾಗ ಮಾಡಿದ್ದರು. ಅವರು ಒಂದು ಗೋದಾಮಿನ ವಾಚ್‌ಮನ್. ಚಿಂಚೋಳಿ ಕಡೆಯವರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ರಾತ್ರಿಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ವಾಕ್ಯ ಓದುತ್ತಿದ್ದರು. ಅವರು ಕನ್ನಡದಲ್ಲಿ ಓದಿದ್ದನ್ನೇ ಮಂಗಲಾಳ ಮಗಳು ಪ್ರಿಯಾ ಮರಾಠಿಯಲ್ಲಿ ಓದುತ್ತಿದ್ದಳು. ಇಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಕಣ್ಣಿಗೆ ಹತ್ತುವುದಿಲ್ಲ.

ಸಾಕ್ಷಿ ಹೇಳುವ ಹೊತ್ತಿನಲ್ಲಿ ಮುದುಕಿ ಸಕ್ರವ್ವ ಎದ್ದು ನಿಂತಳು. ಜ್ವರ ಬಿಟ್ಟದ್ದಕ್ಕೆ, ನಳದಲ್ಲಿ ನೀರು ಬಂದದ್ದಕ್ಕೆ, ಮಂಗಲಾ ತಲೆ ಬಾಚಿದ್ದಕ್ಕೆ ಎಂದು ಒಂದೊಂದಕ್ಕೂ ದೇವರಿಗೆ ಸ್ತೋತ್ರ ಹೇಳುತ್ತ ಸೊಟ್ಟಗಾದ ಎಡಗೈಯನ್ನು ಎತ್ತಿದಳು. ಆ ಕೈ ಮೇಲೆದ್ದಾಗ ಹೊಸಬ ಕಣ್ಣು ಕೆಳಗೆ ಹಾಕಿದ್ದನ್ನು ಮಂಗಲಾ ನೋಡಿದಳು.

ಕೊನೆಗೆ ರೊಟ್ಟಿಯ ತಟ್ಟೆ ಬಂತು. ಮಂಗಲಾ ಕಾರ್ಮಿಕರ ಮೆಸ್ಸಿನಲ್ಲಿ ಅಡುಗೆ ಮಾಡುವವಳು. ಸಭೆಯ ಜೋಳದ ರೊಟ್ಟಿಯನ್ನೂ ಅವಳೇ ಬಡಿಯುತ್ತಿದ್ದಳು. ಸಿನ್ನರಿನಲ್ಲಿದ್ದಾಗ ನಾಸಿಕದ ಕರಿ ದ್ರಾಕ್ಷಿಯನ್ನೇ ಹಿಂಡುತ್ತಿದ್ದರು. ಇಲ್ಲಿ ಒಣದ್ರಾಕ್ಷಿ ನೆನೆಸಿದ ನೀರೇ ಅವರ ದ್ರಾಕ್ಷಾರಸ. ತಟ್ಟೆ ಎತ್ತುವ ಮುಂಚೆ ಅಣ್ಣ ಎಂದಿನಂತೆ ಎರಡು ಮಾತು ಹೇಳಿದರು.

"ನಂಬಿಕಿ ಇಲ್ಲದವರು ತಿನ್ನಬ್ಯಾಡ್ರಿ, ಯಾರಿಗೂ ಒತ್ತಾಯ ಇಲ್ಲ. ನಂಬಿಕಿ ಇದ್ದವರು ಯಾರ ಮ್ಯಾಲರ ಮನಸ್ಸಿನ್ಯಾಗ ಕಹಿ ಇಟ್ಕೊಂಡಿದ್ರ, ಮೊದಲ ಅವರ ಕೂಡ ಸರಿ ಮಾಡ್ಕೊಂಡು ಬರ್ರಿ. ಆಮ್ಯಾಲ ತಿನ್ರಿ."

ಶಿವಕಾಂತ ತಟ್ಟೆ ಮುಟ್ಟದೆ ಮುಂದಕ್ಕೆ ಕಳಿಸಿದ. ಅವನ ಅಂಗಿಯ ಕೊರಳಲ್ಲಿ ಲಿಂಗದ ಕರಡಿಗೆಯ ದಾರ ಇಣುಕಿತು. ತಟ್ಟೆ ಮಂಗಲಾಳ ಹತ್ತಿರ ಬಂದಾಗ ಅವಳೂ ಮುಟ್ಟಲಿಲ್ಲ.

*

ಸಿನ್ನರಿನಲ್ಲಿ ಆದದ್ದು ದೊಡ್ಡ ಹೊಡೆದಾಟವೇನಲ್ಲ. ಎಂಐಡಿಸಿ ಎಂಬ ಕಾರ್ಖಾನೆಗಳ ವಸಾಹತಿನ ಹಿಂದಿನ ಎರಡಂತಸ್ತಿನ ಚಾಳಿನಲ್ಲಿ ಅವರು ಕೂಡುತ್ತಿದ್ದರು. ಯಾರೋ ಪ್ರಾರ್ಥನೆಯ ವಿಡಿಯೊ ತೆಗೆದರು. ನಲವತ್ತು ಸೆಕೆಂಡಿನ ತುಂಡು ಊರೆಲ್ಲ ಓಡಾಡಿತು. ಅಣ್ಣ ಯಾರದೋ ತಲೆಗೆ ಎಣ್ಣೆ ಹಚ್ಚುವುದು, ರೊಟ್ಟಿ ಕೊಡುವುದು, ಕೆಳಗೆ ಮರಾಠಿಯಲ್ಲಿ 'ನೋಡಿ, ಏನು ತಿನ್ನಿಸಿ ಜಾತಿ ಕೆಡಿಸುತ್ತಾರೆ' ಎಂಬ ಬರಹ. ಮುಂದಿನ ಆದಿತ್ಯವಾರ ಇಪ್ಪತ್ತು ಇಪ್ಪತ್ತೈದು ಜನ ಬಂದು ಕೂಗಾಡಿದರು. ಎಲ್ಲರೂ ಗಾಬರಿಯಲ್ಲಿ ಕೆಳಗೆ ಓಡುವಾಗ ಸಕ್ರವ್ವ ಮೆಟ್ಟಿಲಿನಿಂದ ಬಿದ್ದು ಮಣಿಕಟ್ಟು ಮುರಿಯಿತು. ಸಂಜೆಯೊಳಗೆ ಖೋಲಿ ಖಾಲಿ ಮಾಡಿ ಎಂದ ಮನೆಮಾಲೀಕ, ಆಮಿಷ ತೋರಿಸಿ ಜನ ಕೂಡಿಸುತ್ತಾನೆಂದು ಅಣ್ಣನ ಮೇಲೆ ಪೊಲೀಸರಿಗೆ ಅರ್ಜಿಯನ್ನೂ ಕೊಟ್ಟ. ಕೆಲವರು ಘೋಟಿ ಕಡೆ ಹೋದರು, ಕೆಲವರು ವಾಳೂಜಿಗೆ ಬಂದರು. ಅಣ್ಣ ಈಗಲೂ ಎರಡು ತಿಂಗಳಿಗೊಮ್ಮೆ ಆ ಅರ್ಜಿಯ ವಿಚಾರಣೆಯ ತಾರೀಖಿಗೆಂದು ಸಿನ್ನರಿನ ಬಸ್ಸು ಹತ್ತುತ್ತಿದ್ದರು.

ಸಕ್ರವ್ವ ಮಂಗಲಾಳಿಗೆ ಸಂಬಂಧಿಕಳಲ್ಲ. ಆದರೆ ಗಂಡ ಬಿಟ್ಟುಹೋದ ವರ್ಷ ಪ್ರಿಯಾಳಿಗೆ ಕಾಮಾಲೆಯಾಗಿದ್ದಾಗ ಮೂರು ದಿನ ಪಕ್ಕ ಬಿಡದೆ ಕೂತು ಪ್ರಾರ್ಥಿಸಿದವಳು ಅವಳೇ. ಹುಡುಗಿಯನ್ನು ಆಸ್ಪತ್ರೆಗೆ ಹೊತ್ತು ನಡೆದವಳೂ ಅವಳೇ. ಮಂಗಲಾಳ ನಂಬಿಕೆ ಶುರುವಾದದ್ದು ಅಲ್ಲಿಂದ. ಈಗ ಮುದುಕಿ ಇವಳ ಖೋಲಿಯಲ್ಲೇ ಇದ್ದಳು. ಅವಳಿಗೆ ಸೀರೆ ಉಡಿಸುವಾಗ, ಜಡೆ ಹಾಕುವಾಗ, ಆ ವಿಡಿಯೊ ತೆಗೆದ ಕೈ ಯಾರದಿರಬಹುದೆಂದು ಮಂಗಲಾ ಯೋಚಿಸದ ದಿನವಿರಲಿಲ್ಲ.

ಶಿವಕಾಂತ ಎರಡನೆಯ ವಾರವೂ ಬಂದ, ಮೂರನೆಯ ವಾರವೂ ಬಂದ. ಹಾಡುತ್ತಿರಲಿಲ್ಲ. ಮಂಡಿಯೂರುತ್ತಿರಲಿಲ್ಲ. ಬಾಗಿಲಿಗೆ ಹತ್ತಿಕೊಂಡು ಕೂತು ಬಿಟ್ಟ ಕಣ್ಣಿನಿಂದ ನೋಡುತ್ತಿದ್ದ. ಸಭೆ ಮುಗಿದ ಮೇಲೆ ಅವನು ಕೇಳುತ್ತಿದ್ದ ಪ್ರಶ್ನೆಗಳು ಒಂದಕ್ಕಿಂತ ಒಂದು ವಿಚಿತ್ರ.

"ಮೊದಲ ಎಲ್ಲಿದ್ರಿ ನೀವು?" ಎಂದು ಪ್ರಿಯಾಳನ್ನು ಕೇಳಿದ. "ಆ ಅಮ್ಮಗ ಕೈಗೆ ಪಟ್ಟಿ ಯಾರು ಹಾಕಿದ್ರು? ಸರಿಯಾಗಿ ತೋರ್ಸಿರಿಲ್ಲೋ?" ಎಂದು ಇನ್ನೊಬ್ಬರನ್ನು ಕೇಳಿದ. "ಅಣ್ಣನವರ ತಾರೀಖು ಯಾವಾಗದ?" ಎಂದೂ ಕೇಳಿದ. ತಾರೀಖಿನ ವಿಷಯ ಇವನಿಗೆ ಹೇಗೆ ಗೊತ್ತು ಎಂದು ಮಂಗಲಾ ಸಭೆಯವರನ್ನೆಲ್ಲ ವಿಚಾರಿಸಿದಳು. ತಾವು ಹೇಳಿದೆವೆಂದು ಯಾರೂ ಒಪ್ಪಲಿಲ್ಲ.

ನಾಲ್ಕನೆಯ ವಾರ ಅವಳು ನೀರಿನ ಕೊಡ ಹೊತ್ತು ಮೇಲೆ ಬರುವಾಗ ಅವನು ಮೆಟ್ಟಿಲ ಕೆಳಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. "ಹೌದು, ಹನ್ನೆರಡು ಹದಿಮೂರು ಮಂದಿ. ಅವರೇ. ಮುದುಕೀನೂ ಇದಾಳ." ಇವಳನ್ನು ಕಂಡದ್ದೇ ಫೋನು ಜೇಬಿಗೆ ಇಳಿಯಿತು.

ಅವತ್ತೇ ಅವಳು ಚನಬಸಪ್ಪನನ್ನು ಹಿಡಿದಳು.

"ಅಣ್ಣ, ಅಂವ ಒಳ್ಳೆವ ಅಲ್ಲ. ನಮ್ಮ ಸುದ್ದಿ ಎಲ್ಲೋ ಮುಟ್ಟಸ್ಲಕತ್ತಾನ. ಮುಂದಿನ ವಾರ ಬಾಗಲ ತೆಗಿಬ್ಯಾಡ್ರಿ."

"ಬಾಗಲಿಗೆ ಬಂದವನ್ನ ಹೊರಗ ಹಾಕಿದ್ರ ಅದು ಸಭಾ ಆಗ್ತದೇನವ್ವ?"

"ಹಾಂಗಾರ ಮತ್ತೊಮ್ಮಿ ಓಡೂದೇನು? ಸಕ್ರವ್ವನ ಇನ್ನೊಂದು ಕೈನೂ ಮುರೀಲಿ ಅಂತೀರೇನು?"

"ನನಗೂ ಅಂಜಿಕಿ ಅದ ಮಂಗಲಾ," ಎಂದರು ಚನಬಸಪ್ಪ. "ಆದ್ರ ಅಂಜಿಕಿ ಹೇಳಿದಾಂಗ ನಡದ್ರ ನಾಳೆ ನೀ ನನ್ನ ಮ್ಯಾಲ, ನಾ ನಿನ್ನ ಮ್ಯಾಲ ಸಂಶಯ ಪಡ್ತೀವಿ. ಮೂರು ವಾರ ಆತು ನೀ ರೊಟ್ಟಿ ತಗೊಳ್ಳದೆ. ಅವನ ಕೂಡ ನೇರ ಮಾತಾಡು."

ಅವಳು ಮಾತಾಡಿದಳು. ಆದರೆ ನೇರವಾಗಿ ಅಲ್ಲ.

*

ನವೆಂಬರಿನ ಮೂರನೆಯ ಆದಿತ್ಯವಾರ ಪ್ರಿಯಾಳ ದೀಕ್ಷಾಸ್ನಾನ ಎಂದು ಗೊತ್ತಾಗಿತ್ತು. ಹತ್ತೊಂಬತ್ತು ತುಂಬಿದ ಹುಡುಗಿ ತಾನಾಗಿ ಕೇಳಿಕೊಂಡದ್ದು. ಸಿನ್ನರ್ ಬಿಟ್ಟ ಮೇಲೆ ನಡೆಯುವ ಮೊದಲ ಸ್ನಾನ. ಗಂಗಾಪುರದ ದಾರಿಯಲ್ಲಿ ತ್ರಿಭುವನ್ ಕಾಕಾ ಎಂಬ ಮರಾಠಿ ರೈತರಿದ್ದರು, ತಲೆತಲಾಂತರದ ಕ್ರೈಸ್ತರು. ಅವರ ಹೊಲದ ಕೃಷಿಹೊಂಡದಲ್ಲಿ, ಹನ್ನೊಂದು ಗಂಟೆಗೆ ನಡೆಸುವುದೆಂದು ಠರಾಯಿಸಿದ್ದರು. ಜಾಗದ ಹೆಸರನ್ನು ಬಾಯಿಂದ ಬಾಯಿಗೆ ಮಾತ್ರ ಹೇಳಬೇಕೆಂದೂ ಮಾತಾಗಿತ್ತು.

ಶಿವಕಾಂತನಿಗೆ ಹೇಳುವ ಕೆಲಸವನ್ನು ಮಂಗಲಾ ತಾನೇ ವಹಿಸಿಕೊಂಡಳು. ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿ, "ಕಾಯಗಾಂವದಾಗ ಅದರಿ, ಗೋದಾವರಿ ಸೇತುವೆ ಕೆಳಗಿನ ಘಾಟಿನ್ಯಾಗ. ಮುಂಜಾನೆ ಎಂಟಕ್ಕ. ಎಲ್ಲರೂ ಅಲ್ಲೇ ಇರ್ತೀವಿ," ಎಂದಳು. ಅಷ್ಟು ಸರಾಗವಾಗಿ ಸುಳ್ಳು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಈ ಜಾಗ ಅವನಿಗೆ ಮಾತ್ರ ಗೊತ್ತು. ಅಲ್ಲಿ ಜನ ಬಂದರೆ ಕಳಿಸಿದವನು ಅವನೇ. ಬೇರೆ ಸಾಕ್ಷಿ ಬೇಕಿಲ್ಲ.

ಆ ದಿನ ಮುಂಜಾನೆ, ಮೆಸ್ಸಿನಲ್ಲಿ ಕೆಲಸವಿದೆ, ಹನ್ನೊಂದರೊಳಗೆ ಹೊಲಕ್ಕೆ ಬರುತ್ತೇನೆ ಎಂದು ಮಗಳಿಗೆ ಹೇಳಿ ಹೊರಟಳು. ಶೇರ್ ಜೀಪು ಹಿಡಿದು ಏಳೂವರೆಗೆ ಕಾಯಗಾಂವ ಮುಟ್ಟಿ, ಸೇತುವೆಯ ಪಕ್ಕದ ಚಹಾ ಟಪರಿಯ ಹಿಂದೆ ಸೆರಗು ಹೊದ್ದು ಕೂತಳು. ಚಳಿಯಿತ್ತು. ಹೊಳೆಯ ಮೇಲೆ ಮಂಜು ನಿಂತಿತ್ತು.

ಎಂಟಕ್ಕೆ ಹತ್ತು ನಿಮಿಷವಿರುವಾಗ ಶಿವಕಾಂತ ಸ್ಕೂಟರಿನಲ್ಲಿ ಬಂದ. ಒಬ್ಬನೇ. ಘಾಟಿನ ಮೇಲೆ ಕೆಳಗೆ ಓಡಾಡಿ ಯಾರೂ ಇಲ್ಲದ್ದನ್ನು ನೋಡಿ ಮೆಟ್ಟಿಲ ಮೇಲೆ ಕೂತ. ಐದು ನಿಮಿಷಕ್ಕೊಮ್ಮೆ ರಸ್ತೆಯ ಕಡೆ ತಿರುಗುತ್ತಿದ್ದ. ಫೋನು ತೆಗೆಯುತ್ತಿದ್ದ, ನೋಡುತ್ತಿದ್ದ, ಮತ್ತೆ ಇಡುತ್ತಿದ್ದ.

ಎಂಟೂವರೆಗೆ ಎರಡು ಗಾಡಿಗಳು ಬಂದು ನಿಂತವು. ಹದಿನೈದು ಹದಿನಾರು ಗಂಡಸರು ಇಳಿದರು. ಬಿಳಿ ಟೋಪಿ, ಬಿಗಿದ ಮುಖ, ಯಾರೂ ಮಾತಾಡುತ್ತಿಲ್ಲ. ನೇರವಾಗಿ ಶಿವಕಾಂತ ಕೂತ ಕಡೆಗೇ ನಡೆದರು. ಬಂದರು ನೋಡು, ಎಂದುಕೊಂಡಳು ಮಂಗಲಾ. ಅವಳಿಗೆ ಹೆದರಿಕೆಗಿಂತ ಮೊದಲು ಒಂಥರಾ ಸಮಾಧಾನವಾಯಿತು. ತನ್ನ ಲೆಕ್ಕ ತಪ್ಪಿರಲಿಲ್ಲ.

ಆದರೆ ಮುಂದಿನವನ ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಮಡಕೆಯಿತ್ತು. ಅಸ್ಥಿ ಬಿಡಲು ಬಂದವರು. ಶಿವಕಾಂತ ಎದ್ದು ದಾರಿ ಬಿಟ್ಟ. ಅವರಲ್ಲಿ ನಡೆಯಲಾರದ ಮುದುಕನೊಬ್ಬನಿದ್ದ. ಅವನ ರಟ್ಟೆ ಹಿಡಿದು ನೀರಿನ ತನಕ ಇಳಿಸಿ, ಮತ್ತೆ ಹತ್ತಿಸಿ, ತನ್ನ ಜಾಗಕ್ಕೆ ಬಂದು ಕೂತ. ಅವರು ಹೋದರು. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಬೇರೆ ಯಾರೂ ಬರಲಿಲ್ಲ. ಅವನೂ ಏಳಲಿಲ್ಲ.

ಮಂಗಲಾ ಸುಮ್ಮನೆ ಎದ್ದು ಜೀಪು ಹತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಘಾಟಿಗೆ ಇಳಿದಳು.

"ಯಾರೂ ಬರೂದಿಲ್ಲ," ಎಂದಳು. "ನಿಮಗ ಸುಳ್ಳು ಹೇಳಿದ್ದೆ. ಮಂದಿನ ಕರ್ಕೊಂಡು ಬರ್ತೀರೇನು ನೋಡಬೇಕಾಗಿತ್ತು."

ಅವನು ಸಿಟ್ಟಿಗೇಳಲಿಲ್ಲ. ಅವಳನ್ನೇ ನೋಡಿದ. "ಅಂದ್ರ ನಾ ಯಾರು ಅಂತ ನಿಮಗ ಗೊತ್ತಾಗೇದ."

"ಯಾರು?"

"ಸಿನ್ನರಿನ್ಯಾಗ ನಿಮ್ಮ ಎದುರಿನ ಖೋಲಿ ನಂದೇ ಇತ್ತು ರೀ. ಆದಿತ್ಯವಾರ ಬಾಗಲ ಹಾಕ್ಕೊಂಡೇ ಇರ್ತಿದ್ದೆ, ನೀವು ನನ್ನ ಮುಖ ನೋಡಿದ್ದಿಲ್ಲ. ವಿಡಿಯೊ ತೆಗದಿದ್ದು ನಾನೇ."

ಅವನು ಕೈ ಹಿಸುಕಿಕೊಳ್ಳುತ್ತ ಹೇಳುತ್ತ ಹೋದ. ವಾರದಲ್ಲಿ ಒಂದೇ ರಜೆ, ಅವತ್ತು ಮುಂಜಾನೆಯೇ ಇವರ ಹಾಡು. ಅದೂ ಕನ್ನಡದಲ್ಲಿ. ತನ್ನ ತಾಯಿಯ ಭಾಷೆಯಲ್ಲಿ ಬೇರೆ ದೇವರನ್ನು ಕರೆಯುತ್ತಾರಲ್ಲ ಎಂದು ಕಿರಿಕಿರಿ. ಕಿಟಕಿಯಿಂದ ತೆಗೆದು ಊರಿನ ಗೆಳೆಯರ ಗುಂಪಿಗೆ ಹಾಕಿದ. ಯಾರು ಕತ್ತರಿಸಿದರೋ, ಯಾರು ಬರೆದರೋ ಗೊತ್ತಿಲ್ಲ. ಮುಂದಿನ ವಾರ ಜನ ಬಂದಾಗ ಬಾಗಿಲಲ್ಲಿ ನಿಂತು ನೋಡಿದ. ಮುದುಕಿ ಬಿದ್ದಳು. ಅವನು ಬಾಗಿಲು ಹಾಕಿಕೊಂಡ. ಅಣ್ಣನ ಮೇಲಿನ ಅರ್ಜಿಯ ಸುದ್ದಿಯೂ ಚಾಳಿನಲ್ಲೇ ಅವನ ಕಿವಿಗೆ ಬಿತ್ತು.

"ಆಮ್ಯಾಲ ಇಲ್ಲಿಗಿ ಬದಲಿ ಆತು. ಒಂದಿನ ನಿಮ್ಮ ಹುಡುಗಿನ ಸಂತಿದಾಗ ನೋಡ್ದೆ. ಆಕಿ ಹಿಂದ ಬಂದು ನಿಮ್ಮ ಶೆಡ್ಡು ಹುಡುಕ್ದೆ. ನಮ್ಮವ್ವ ಶಾಂತಾಬಾಯಿ ಒಬ್ಬಾಕಿಗೇ ಹೇಳೀನಿ. ಆಕಿ, ಹೋಗಿ ಅವರ ಮುಂದ ನಿಂದ್ರು ಅಂತಾಳ. ನಿಂತೆ. ಬಾಯಿ ಬರ್ಲಿಲ್ಲ."

ಅವತ್ತು ಮೆಟ್ಟಿಲ ಕೆಳಗೆ ಅವನು ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದ ಮಾತು ಈಗ ಮಂಗಲಾಳಿಗೆ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟೇನೂ ಇಳಿಯಲಿಲ್ಲ. "ಬಾಯಿ ಬರ್ಲಿಲ್ಲ ಅಂತೀರಿ. ಆಕಿಗಿ ಒಂದು ಕೈಲೆ ಸೀರಿ ಉಡ್ಲಕ ಬರೂದಿಲ್ಲ, ಗೊತ್ತೇನ್ರಿ ನಿಮಗ? ಉಣ್ಣೂ ಗಂಗಾಳ ಹಿಡೀಲಕ ಬರೂದಿಲ್ಲ. ಈಗ ಯಾಕ ಬಂದ್ರಿ? ನಿಮ್ಮ ನಿದ್ದಿ ಸಲುವಾಗಿ?"

"ಹೌದು," ಎಂದ ಅವನು. "ಅದಕ್ಕೂ ಹೌದು. ಇದಕ್ಕೂ ಹೌದು." ಫೋನು ತೆಗೆದು ಅವಳ ಮುಂದೆ ಹಿಡಿದ. "ಪೂರಾ ವಿಡಿಯೊ. ಹದಿನೆಂಟು ನಿಮಿಷ. ಅಳಸಿಲ್ಲ. ಅಣ್ಣನವರ ಮ್ಯಾಲಿನ ಅರ್ಜಿ ಬೀಳಸ್ಲಕ ಉಪಯೋಗ ಆಗ್ತದ."

ಮಂಗಲಾ ನೋಡಿದಳು. ಹಳೆಯ ಖೋಲಿ. ಅಣ್ಣನ ದನಿ ಸ್ಪಷ್ಟವಾಗಿತ್ತು: ನಂಬಿಕಿ ಇಲ್ಲದವರು ತಿನ್ನಬ್ಯಾಡ್ರಿ, ಯಾರಿಗೂ ಒತ್ತಾಯ ಇಲ್ಲ. ಊರೂರು ತಿರುಗಿದ ತುಂಡಿನಲ್ಲಿ ಈ ಮಾತು ಇರಲಿಲ್ಲ. ಮುಂದಿನ ಸಾಲಿನಲ್ಲಿ ಸಕ್ರವ್ವ ಕೂತಿದ್ದಳು. ಕಣ್ಣು ಮುಚ್ಚಿ, ಎರಡೂ ಕೈ ನೆಟ್ಟಗೆ ಎತ್ತಿ, ಪಟಪಟನೆ ಚಪ್ಪಾಳೆ ಹೊಡೆಯುತ್ತಿದ್ದಳು. ಆ ಕೈ ಹಾಗಿತ್ತೆಂಬುದೇ ಮಂಗಲಾಳಿಗೆ ಮರೆತುಹೋಗಿತ್ತು. ಅಳು ಒತ್ತರಿಸಿ ಬಂತು. ಇವನ ಎದುರಿಗೆ ಅಳಬಾರದೆಂದು ಅವಳು ಹೊಳೆಯ ಕಡೆ ತಿರುಗಿ ನಿಂತಳು.

"ಗಾಡಿ ತೆಗೀರಿ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಫೋನು ಮಾತ್ರ ನನ್ನ ಕೈಯಾಗ ಇರಲಿ."

ದಾರಿಯುದ್ದಕ್ಕೂ ಅವಳು ಸ್ಕೂಟರಿನ ಹಿಂದೆ ಕೂತು ಆ ಫೋನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದಳು.

*

ಹನ್ನೊಂದು ದಾಟಿತ್ತು. ಕಬ್ಬಿನ ಹೊಲದ ಹಿಂದೆ, ಕರಿ ಪ್ಲಾಸ್ಟಿಕ್ ಹಾಸಿದ ಹೊಂಡದ ದಂಡೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಚನಬಸಪ್ಪ ಸೊಂಟದ ತನಕ ನೀರಿನಲ್ಲಿ ನಿಂತಿದ್ದರು. ಜಾರದಿರಲೆಂದು ತ್ರಿಭುವನ್ ಕಾಕಾ ಹಗ್ಗ ಕಟ್ಟಿ ಹಿಡಿದಿದ್ದರು. ಬಿಳಿ ಸಲವಾರಿನಲ್ಲಿ ನಡುಗುತ್ತ ನಿಂತಿದ್ದ ಪ್ರಿಯಾ ಓಡಿ ಬಂದಳು.

"ಮಮ್ಮಿ, ಕಿತೀ ಉಶೀರ್! ಎಷ್ಟು ತಡಾ! ನೀ ಬರೂತನಕ ನಾ ನೀರಿಗಿ ಇಳಿಯಲ್ಲ ಅಂದೆ."

ಮಂಗಲಾ ಮಗಳ ತಲೆ ಸವರಿ, ಎಲ್ಲರ ಎದುರಿಗೆ ನಿಂತು ಮೊದಲು ತನ್ನದನ್ನು ಹೇಳಿದಳು. "ನಾ ಸುಳ್ಳು ಹೇಳೀನಿ. ಇವರಿಗೂ ಹೇಳೀನಿ, ನಿಮಗೂ ಹೇಳೀನಿ." ಕಾಯಗಾಂವದ ಕತೆಯನ್ನು ಒಂದೂ ಬಿಡದೆ ಹೇಳಿದಳು. ಆಮೇಲೆ ಪಕ್ಕಕ್ಕೆ ಸರಿದಳು. ಶಿವಕಾಂತ ತನ್ನದನ್ನು ಹೇಳಿದ. ಒಬ್ಬಿಬ್ಬರು ಗಂಡಸರು ಮುಂದೆ ನುಗ್ಗಿದರು. ಅಣ್ಣ ನೀರಿನಿಂದಲೇ ಕೈ ಎತ್ತಿ ತಡೆದರು.

ಎಲ್ಲರ ಕಣ್ಣು ಸಕ್ರವ್ವನ ಮೇಲೆ. ಮುದುಕಿ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು.

"ನಾ ಬಿದ್ದಾಗ ಎದುರಿನ ಬಾಗಲ ಮುಚ್ಚಿದ್ದು ನೋಡಿದ್ದೆ," ಎಂದಳು. "ಯಾರು ಅಂತ ಗೊತ್ತಿರ್ಲಿಲ್ಲ. ನೀನಾ?"

ಶಿವಕಾಂತ ಅವಳ ಕಾಲ ಬಳಿ ಕುಕ್ಕರಿಸಿದ. "ಕ್ಷಮಾ ಮಾಡಬೇಕು ಯವ್ವಾ."

"ಕ್ಷಮಾ ಅಂದ್ರ ಜ್ವಾಳದ ಹಿಟ್ಟೇನು, ಕೇಳಿದ ಕೂಡ್ಲೇ ಮೊರದಾಗ ಹಾಕಿ ಕೊಡ್ಲಕ? ಕಾಲು ಬಿಡು. ಮೊದಲ ನಾ ದೇವರ ಕೂಡ ಮಾತಾಡಬೇಕು. ಜಗಳಾನೂ ಮಾಡಬೇಕು." ಮುಖ ತಿರುಗಿಸಿದಳು. "ಹುಡುಗಿಗಿ ಥಂಡಿ ಹತ್ತೇದ. ಮುಳುಗಿಸ್ರಿ ಮೊದಲ."

ಪ್ರಿಯಾ ನೀರಿಗಿಳಿದಳು. ಅಣ್ಣ ಅವಳ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಬಾಗಿಸಿದರು. ಅವಳು ಉಸಿರು ಎಳೆದುಕೊಂಡು ಮೇಲೆದ್ದಾಗ, ಕಿಟಕಿಯಿಲ್ಲದ ಆ ಬಯಲಿನಲ್ಲಿ ಎಲ್ಲರೂ ಎಷ್ಟೋ ದಿನದ ಮೇಲೆ ಬಾಯಿ ಬಿಚ್ಚಿ ಹಾಡಿದರು. ಶಿವಕಾಂತ ಬೇಲಿಯ ಆಚೆ ನಿಂತಿದ್ದ. ಅವತ್ತು ಅಣ್ಣ ರೊಟ್ಟಿಯ ಗಂಟು ಬಿಚ್ಚಲಿಲ್ಲ.

*

ಡಿಸೆಂಬರಿನ ತಾರೀಖಿಗೆ ಅಣ್ಣನ ಜೊತೆ ಶಿವಕಾಂತನೂ ಸಿನ್ನರಿಗೆ ಹೋದ. ಅವನನ್ನು ಅಣ್ಣ ಒಬ್ಬರ ಜೊತೆಗೇ ಕಳಿಸಲು ಮನಸ್ಸೊಪ್ಪದೆ ಮಂಗಲಾಳೂ ಹೋದಳು. ದಾರಿಯಲ್ಲಿ ಎಲ್ಲಿ ಇಳಿದುಬಿಡುತ್ತಾನೋ ಎಂಬುದು ಅವಳ ಯೋಚನೆ. ಅವನು ಇಳಿಯಲಿಲ್ಲ. ವಕೀಲರ ಮುಂದೆ ಹದಿನೆಂಟು ನಿಮಿಷವನ್ನೂ ತೋರಿಸಿದ, ತೆಗೆದವನು ತಾನೇ ಎಂದು ಬರೆದುಕೊಟ್ಟು ಸಹಿ ಹಾಕಿದ. ಇದರಿಂದ ಅರ್ಜಿ ಬಿದ್ದುಹೋಗಬಹುದು, ಆದರೆ ಇನ್ನೊಂದೆರಡು ತಾರೀಖು ಹಿಡಿಯುತ್ತದೆ ಎಂದರು ವಕೀಲರು. ಹೊರಗೆ ಹಳೆಯ ಚಾಳಿನವನೊಬ್ಬ ಶಿವಕಾಂತನ ಗುರುತು ಹಿಡಿದು, "ಎಷ್ಟಕ್ಕ ಮಾರ್ಕೊಂಡಿ?" ಎಂದು ಮರಾಠಿಯಲ್ಲಿ ಉಗುಳಿದ. ಅಷ್ಟರಲ್ಲಾಗಲೇ ಭಾಲ್ಕಿ ಗೆಳೆಯರು ಅವನನ್ನು ತಮ್ಮ ಗುಂಪಿನಿಂದ ತೆಗೆದುಹಾಕಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಚನಬಸಪ್ಪ ಹತ್ತಿದ ಕೂಡಲೇ ನಿದ್ದೆಹೋದರು. ಮಂಗಲಾ ಶಿವಕಾಂತನ ಪಕ್ಕದ ಸೀಟಿನಲ್ಲಿ ಕೂತಳು. ಬಸ್ಸು ಕೋಪರಗಾಂವ ದಾಟಿತು.

"ಆ ಯವ್ವ ಏನರ ಅಂದ್ಳೇನ್ರಿ?" ಎಂದು ಅವನೇ ಕೇಳಿದ.

"ಇನ್ನಾ ದೇವರ ಕೂಡ ಜಗಳ ನಡದದ. ದಿನಾ ಮುಂಜಾನೆ ಕೇಳ್ತೀನಿ. ಇವತ್ತೂ ಮುಗದಿಲ್ಲ ಅಂತಾಳ."

"ನೀವು?"

ಮಂಗಲಾ ಕಿಟಕಿಯ ಹೊರಗೆ ನೋಡಿದಳು. ಈರುಳ್ಳಿ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

"ಖರೇ ಹೇಳ್ತೀನ್ರಿ, ನನಗ ನಿಮ್ಮ ಮ್ಯಾಲ ನಂಬಿಕಿ ಬಂದಿಲ್ಲ. ಇವತ್ತು ಸಹಿ ಹಾಕುವಾಗೂ ಇದರಾಗ ಏನೋ ಆಟ ಅದ ಅನ್ನಸ್ತು."

ಅವನು ತಲೆಯಾಡಿಸಿದ. "ಹಾಂಗಾರ ಆದಿತ್ಯವಾರ ಬರೂದು ಬ್ಯಾಡಂತೀರಿ?"

"ಬ್ಯಾಡ ಅಂದೇನೇನು?" ಅವಳ ದನಿ ಗಡುಸಾಗಿಯೇ ಇತ್ತು. "ನಂಬಿಕಿ ಬಂದ ಮ್ಯಾಲ ಕರೀತೀನಂದ್ರ ಇಬ್ಬರೂ ಮುದುಕರಾಗ್ತೀವಿ. ಬರ್ರಿ. ನನಗ ಸಂಶಯ ಬಂದ್ರ ನಿಮ್ಮ ಮುಖದ ಮ್ಯಾಲೇ ಕೇಳ್ತೀನಿ. ನೀವು ಉತ್ತರ ಕೊಡಬೇಕು. ಅಷ್ಟೇ."

"ಆಗ್ಲಿ ರೀ," ಎಂದ ಶಿವಕಾಂತ.

ವೈಜಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅವನು ಇಳಿದು ಹೋಗಿ ಮೂರು ಕಪ್ ಚಹಾ ತಂದ. ಒಂದನ್ನು ಅಣ್ಣನಿಗೆಂದು ತೆಗೆದಿಟ್ಟು, ಇನ್ನೊಂದನ್ನು ಮಂಗಲಾ ಅವನ ಕೈಯಿಂದಲೇ ತೆಗೆದುಕೊಂಡು ಕುಡಿದಳು.